ಎದುರುಮನೆಗೆ ಹೊರಟ ದಿಬ್ಬಣ

ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ನಮ್ಮ ಜಿಲ್ಲೆ ಎರಡಾಯಿತು. ಮೇಷ್ಟ್ರು ಒಂದು ಬೆಳಿಗ್ಗೆ ಬಂದು, ಇನ್ನು ಮೇಲೆ ದಕ್ಷಿಣ ಕನ್ನಡ ಅಂತ ಬರೆಯಬೇಡಿ, ಉಡುಪಿ ಅಂತ ಬರೆಯಿರಿ ಎಂದರು. ಬರೆದೆವು. ಮಧ್ಯಾಹ್ನದ ಹೊತ್ತಿಗೆ ಮರೆತು ಹಳೆಯದನ್ನೇ ಬರೆದು ಬೈಸಿಕೊಂಡೆವು. ಆಮೇಲೆ ರೈಲು ಬಂತು. ಅಪ್ಪಯ್ಯ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿದರು. ಅದು ನಮ್ಮ ಮುಖ ಕೂಡ ನೋಡದೆ ಹೋಯಿತು. ಪೇಪರಿನವರು ಇದನ್ನೆಲ್ಲ ದಪ್ಪ ಅಕ್ಷರದಲ್ಲಿ ಹಾಕಿದರು. ನಮ್ಮ ಮನೆಯಲ್ಲಿ ಮಾತ್ರ ಒಂದು ಲೋಟವೂ ಅತ್ತಿಂದಿತ್ತ ಆಗಲಿಲ್ಲ. ಊರಿನ ಚರಿತ್ರೆ ಬರೆಯುವವರು ಜಿಲ್ಲೆ, ರೈಲು ಅಂತಲೇ ಶುರುಮಾಡುತ್ತಾರೆ, ಬರೆಯಲಿ. ನನ್ನನ್ನು ಕೇಳಿದರೆ ಚರಿತ್ರೆ ಬಂದದ್ದು ಫೋರ್ ಲೈನ್ ರಸ್ತೆಯ ಜೊತೆ. ಅದೂ ಸರಿಯಾಗಿ ನನ್ನ ಮದುವೆಯ ಹೊತ್ತಿಗೆ, ಅದಕ್ಕೆ ಬೇರೆ ಮುಹೂರ್ತವೇ ಸಿಗಲಿಲ್ಲ ಎಂಬ ಹಾಗೆ.

ನಮ್ಮ ಮನೆ ಕೋಟೇಶ್ವರಕ್ಕೂ ಕುಂಭಾಶಿಗೂ ನಡುವೆ, ಹೆದ್ದಾರಿಯ ಪಡುಬದಿಯಲ್ಲಿತ್ತು. ಹಿಂದೆ ಹೊಯಿಗೆ, ಆ ಮರಳು ದಾಟಿದರೆ ಕಡಲು. ಅಪ್ಪಯ್ಯ ದೋಣಿಗೆ ಹೋಗುತ್ತಿದ್ದರು, ಅಮ್ಮ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ರಸ್ತೆಯ ಮೂಡುಬದಿಯಲ್ಲಿ, ನಮ್ಮ ಜಗಲಿಗೆ ನೇರ ಮುಖಮಾಡಿ ಇನ್ನೊಂದು ಮನೆ. ಅವರೂ ನಮ್ಮವರೇ, ಅಜ್ಜನ ಕಾಲದಲ್ಲಿ ಕಡಲು ಬಿಟ್ಟು ಗದ್ದೆ ಹಿಡಿದವರು. ಮನೆಯ ಮುಂದೆ ಒಂದು ದಿನಸಿ ಅಂಗಡಿ ಇಟ್ಟುಕೊಂಡಿದ್ದರು. ಆ ಮನೆಯ ಯಜಮಾನಿಯನ್ನು ನಾವು, ನಂಟಿಲ್ಲದಿದ್ದರೂ, ಆಚೆಮನೆ ದೊಡ್ಡಮ್ಮ ಎನ್ನುತ್ತಿದ್ದೆವು.

ಅಮ್ಮನಿಗೂ ದೊಡ್ಡಮ್ಮನಿಗೂ ಮಾತಾಡಲು ರಸ್ತೆ ದಾಟುವ ಅಗತ್ಯವೇ ಇರಲಿಲ್ಲ. ಇವಳು ಈ ಜಗಲಿಯಲ್ಲಿ ನಿಂತು ‘ಹ್ವಾಯ್’ ಎಂದರೆ ಅವರು ಆ ಜಗಲಿಗೆ ಬರುತ್ತಿದ್ದರು. ಲಾರಿ ಬಂದರೆ ಮಾತು ನಿಲ್ಲುತ್ತಿತ್ತು. ಲಾರಿ ಹೋದ ಮೇಲೆ, ಅರ್ಧಕ್ಕೆ ನಿಂತ ಶಬ್ದದ ಉಳಿದರ್ಧದಿಂದ ಮತ್ತೆ ಶುರು. ಇಲ್ಲಿಂದ ಬಂಗುಡೆ ಮೀನು ಹೋದರೆ ಅಲ್ಲಿಂದ ಬಸಳೆ ಬರುತ್ತಿತ್ತು. ಯಾರ ಮನೆಯಲ್ಲಿ ಏನು ಸಾರು, ಯಾರಿಗೆ ಜ್ವರ, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಎಲ್ಲವೂ ರಸ್ತೆಯ ಮೇಲಿನಿಂದಲೇ ಹಾದುಹೋಗುತ್ತಿತ್ತು. ಬಸ್ಸಿಗೆ ಕಾಯುವವರಿಗೆ ಇದಕ್ಕಿಂತ ಒಳ್ಳೆಯ ಪೇಪರು ಬೇಕಿರಲಿಲ್ಲ.

ನನ್ನ ಅಕ್ಕನನ್ನು ಶಿರೂರಿಗೆ ಕೊಟ್ಟಿದ್ದರು. ಶಿರೂರು ಎಂದರೆ ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆ ತೆಗೆಯುವಷ್ಟರಲ್ಲಿ ಬರುವ ಊರು. ಅಮ್ಮ ಮಾತ್ರ ಮಗಳನ್ನು ವಿಲಾಯತಿಗೆ ಕಳಿಸಿದವಳ ಹಾಗೆ ಎದೆ ಬಡಿದುಕೊಂಡಳು. “ಅಲ್ಲಿಂದ ಮುಂದೆ ನಮ್ ಜಿಲ್ಲೆಯೇ ಇಲ್ಲೆ ಅಂಬ್ರ್. ಗಡಿಯಂಗೆ ಕೊಟ್ಟೆ ನನ್ ಹೆಣ್ಣನ್ನ!” ಎಂದು ಬಂದವರಿಗೆಲ್ಲ ಹೇಳಿದಳು. ಅಕ್ಕ ಅಲ್ಲಿ ಆರಾಮಾಗಿ ಮೈ ಕೈ ತುಂಬಿಕೊಂಡಿದ್ದಳು, ಅದು ಬೇರೆ ಮಾತು. ಆಗಲೇ ಅಮ್ಮ ನಿರ್ಧಾರ ಮಾಡಿದ್ದು, ಎರಡನೆಯವಳನ್ನು ತನ್ನ ಕಣ್ಣಿಗೆ ಕಾಣುವಲ್ಲಿಗೇ ಕೊಡುವುದು ಎಂದು. ಮುಂಬಯಿಯ ಎರಡು ಸಂಬಂಧಗಳನ್ನು ಮಾತು ಮುಗಿಯುವ ಮೊದಲೇ ಓಡಿಸಿದಳು. ಬೈಂದೂರಿನ ಗಂಡು ಬಹಳ ಒಳ್ಳೆಯವನು ಎಂದರೆ, “ಬೈಂದೂರ್ ಅಂದ್ರೆ ಶಿರೂರಿನ ತಂಗಿ” ಎಂದಳು.

ಕಣ್ಣಿಗೆ ಕಾಣುವ ಮನೆ ಅಂತ ಇದ್ದದ್ದು ಒಂದೇ. ಆಚೆಮನೆಯ ಮಗ ಮುಂಬಯಿ ಕ್ಯಾಂಟೀನಿನಲ್ಲಿ ಕೆಲವು ವರ್ಷ ಇದ್ದು, ಅಲ್ಲಿಯ ಸೆಕೆ ಸಾಕಾಗಿ ವಾಪಸು ಬಂದು ಅಂಗಡಿಯಲ್ಲಿ ಕೂತಿದ್ದ. ನಾನು ಹೋದಾಗ ಬೆಲ್ಲದ ತೂಕ ಸ್ವಲ್ಪ ಜಾಸ್ತಿ ಬರುತ್ತಿತ್ತು. ಅವರ ತಕ್ಕಡಿ ಸರಿಯಿಲ್ಲ ಎಂದು ಅಮ್ಮ ತಿಳಿದುಕೊಂಡಿದ್ದಳು. ನಾನೂ ತಿದ್ದಲಿಕ್ಕೆ ಹೋಗಲಿಲ್ಲ.

ಹೆಣ್ಣು ಕೇಳಿದ್ದೂ ರಸ್ತೆಯ ಮೇಲಿನಿಂದಲೇ. ದೊಡ್ಡಮ್ಮ ಒಂದು ಸಂಜೆ ತಮ್ಮ ಜಗಲಿಯಲ್ಲಿ ನಿಂತು, “ಹ್ವಾಯ್, ನಿಮ್ ಸಣ್ಣ ಹೆಣ್ಣನ್ನ ನಮ್ ಮನಿಗೆ ಕೊಡ್ತ್ರ್ಯಾ?” ಎಂದು ಕೂಗಿದರು. ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಕುಂದಾಪುರದ ಬಸ್ಸು ಬಂದು ನಡುವೆ ನಿಂತಿತು. ಬಸ್ಸಿನವರೆಲ್ಲ ಕಿಟಕಿಯಿಂದ ನಮ್ಮ ಮನೆಯ ಕಡೆ ತಿರುಗಿದರು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ, “ಕೊಡಿ ಮರಾಯ್ರೆ, ಅಂಗ್ಡಿ ಇತ್ತಲೆ!” ಎಂದು ಹೇಳಿ ಸೀಟಿ ಊದಿದ. ಬಸ್ಸು ಹೋದ ಮೇಲೆ ನೋಡಿದರೆ ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಒಪ್ಪಿಗೆಗೆ ಬೇರೆ ಶಾಸ್ತ್ರ ಬೇಕಾಗಲಿಲ್ಲ. ನಿಶ್ಚಯ ಆಯಿತು, ಮಳೆಗಾಲ ಕಳೆದ ಮೇಲೆ ಮದುವೆ ಎಂದಾಯಿತು.

ರಸ್ತೆ ಅಗಲವಾಗುತ್ತದೆ ಎಂಬ ಸುದ್ದಿ ಅಷ್ಟರೊಳಗೆ ಹಳತಾಗಿ ಹುಳಿ ಬಂದಿತ್ತು. ಯಾರೋ ಬಂದು ಅಳೆಯುವುದು, ಕಲ್ಲು ನೆಟ್ಟು ಕೆಂಪು ಬಣ್ಣ ಬಳಿಯುವುದು, ಮುಂದಿನ ಮಳೆಗೆ ಬಣ್ಣ ಹೋಗುವುದು. ಆ ಕಲ್ಲಿಗೆ ನಾವು ಕರು ಕಟ್ಟುತ್ತಿದ್ದೆವು. ಆದರೆ ನಿಶ್ಚಯದ ತಾಂಬೂಲದ ಬಾಳೆಲೆ ಒಣಗುವ ಮೊದಲೇ ಜೆಸಿಬಿ ಬಂತು. ಗೋಳಿಮರಗಳು ಹೋದವು. ನಮ್ಮ ಅಂಗಳದ ಅರ್ಧ ಹೋಯಿತು, ಅವರ ಅಂಗಡಿಯ ಮುಂಗಟ್ಟು ಹೋಯಿತು. ಕೆಂಪು ಮಣ್ಣು ಸುರಿದು ಸುರಿದು ರಸ್ತೆಯನ್ನು ಸೊಂಟದೆತ್ತರಕ್ಕೆ ಏರಿಸಿದರು. ಉಪ್ಪಿನಕಾಯಿ ಭರಣಿಯ ಒಳಗೂ ಧೂಳು. ಪೇಪರಿನವರು ಅದನ್ನು ಚತುಷ್ಪಥ ಕಾಮಗಾರಿ ಎಂದು ಬರೆಯುತ್ತಿದ್ದರು. ಆ ಶಬ್ದ ಹೇಳುವಷ್ಟರಲ್ಲಿ ಧೂಳು ಬಾಯಿಗೆ ಹೋಗುತ್ತದೆಂದು ನಾವು ಫೋರ್ ಲೈನ್ ಎಂದೇ ಮುಗಿಸುತ್ತಿದ್ದೆವು.

ಅಮ್ಮ ಇದನ್ನೆಲ್ಲ ಸಹಿಸಿದಳು. ಸಹಿಸದೇ ಹೋದದ್ದು ಡಿವೈಡರನ್ನು. ಎರಡು ರಸ್ತೆಗಳ ನಡುವೆ ಉದ್ದಕ್ಕೂ ಕಟ್ಟೆ ಕಟ್ಟುತ್ತಾ ಬಂದು, ನಮ್ಮ ಮನೆಯ ಎದುರಿಗೂ ಕಟ್ಟಿ, ಮುಂದೆ ಹೋಗಿಬಿಟ್ಟರು. ಈಗ ನಮ್ಮ ಜಗಲಿಯಿಂದ ಆಚೆಮನೆಯ ಮಾಡಿನ ಹಂಚು ಮಾತ್ರ ಕಾಣುತ್ತಿತ್ತು. ಕೂಗಿದರೆ ವಾಹನಗಳ ಸದ್ದಿನಲ್ಲಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಗಾಡಿಯಲ್ಲಿ ಹೋಗುವುದಾದರೆ ಉತ್ತರಕ್ಕೆ ಕೋಟೇಶ್ವರದವರೆಗೆ ಹೋಗಿ, ಅಲ್ಲಿ ತಿರುಗಿ, ಆಚೆಯ ರಸ್ತೆಯಲ್ಲಿ ವಾಪಸು ಬರಬೇಕು. ಅಲ್ಲಿಂದ ಇಲ್ಲಿಗೆ ಬರುವುದಾದರೆ ದಕ್ಷಿಣಕ್ಕೆ ಕುಂಭಾಶಿಯವರೆಗೆ ಹೋಗಿ ತಿರುಗಬೇಕು.

ರಸ್ತೆ ಕೆಲಸ ನೋಡಿಕೊಳ್ಳುತ್ತಿದ್ದ ಸೂಪರ್‌ವೈಸರನ ಬಳಿಗೆ ಅಮ್ಮ ನೇರ ಹೋದಳು. ಅವನು ಉತ್ತರದ ಕಡೆಯವನು, ಹಿಂದಿ ಬಿಟ್ಟರೆ ಬೇರೆ ಗೊತ್ತಿಲ್ಲ. ಅಮ್ಮನಿಗೆ ಮುಂಬಯಿಯಲ್ಲಿದ್ದ ತಮ್ಮನಿಂದ ಕಲಿತ ಹಿಂದಿ ಇತ್ತು, ಅವಳ ಪ್ರಕಾರ ಧಾರಾಳ. “ಭಯ್ಯಾ, ಮೇರಾ ಬೇಟಿ ಉಧರ್ ಜಾಯೇಗಾ, ಮೈ ಇಧರ್ ರಹೇಗಾ. ಬೀಚ್ ಮೇ ಥೋಡಾ ಖಾಲಿ ರಖೋ!” ಎಂದು ದಾಟಲು ನಡುವೆ ಒಂದು ಸಂದು ಕೇಳಿದಳು. ಅವನು ಪಾಪ ನಗಲಿಲ್ಲ. ಕುರ್ಚಿ ಕೊಟ್ಟು ಚಾ ತರಿಸಿದ. ಮನೆಗೊಂದು ಸಂದು ಬಿಡುತ್ತಾ ಹೋದರೆ ಡಿವೈಡರಿಗಿಂತ ಸಂದೇ ಜಾಸ್ತಿಯಾಗುತ್ತದೆ ತಾಯಿ ಎಂದ. ತನಗೂ ಒಬ್ಬಳು ಮಗಳಿದ್ದಾಳೆ, ತನ್ನ ಊರಿಗೆ ರೈಲಿನಲ್ಲಿ ದಿನಗಟ್ಟಲೆ ಹೋಗಬೇಕು ಎಂದ. ಅಮ್ಮ ಮರುದಿನ ಅವನಿಗೆ ಹುರಿದ ಬಂಗುಡೆ ಕಳಿಸಿದಳು. ಸಿಟ್ಟನ್ನು ಮಾತ್ರ ಇಳಿಸಲಿಲ್ಲ.

ಅದನ್ನು ಮನೆಗೆ ತಂದು ನನ್ನ ತಲೆಯ ಮೇಲೆ ಇಟ್ಟಳು. “ಎದ್ರ್‌ಮನಿ ಅಂದೇಳಿ ನಾನ್ ಒಪ್ಪಿದ್ದ್. ಈಗ ಅದ್ ಎದ್ರ್‌ಮನಿ ಎಲ್ಲಿ? ಈ ಮದ್ವಿ ಬ್ಯಾಡ” ಎಂದಳು.

ನನಗೆ ಮೈಯೆಲ್ಲ ಉರಿಯಿತು. ನನ್ನ ಬಾಯಿ ಮೊದಲೇ ಸ್ವಲ್ಪ ಜೋರು. “ಹಾಂಗಾರೆ ನಾನ್ ಓಡಿ ಹೋತೆ” ಎಂದುಬಿಟ್ಟೆ.

ಬಲೆ ಸರಿಮಾಡುತ್ತಾ ಕೂತಿದ್ದ ಅಪ್ಪಯ್ಯ ತಲೆಯೆತ್ತದೆ, “ಓಡಿ ಹೋಪುದಾರೂ ಕೋಟೇಶ್ವರಕ್ ಹೋಯಿ ತಿರ್ಗ್‌ಕಲೆ ಹೆಣೆ” ಎಂದರು.

ಅಮ್ಮನಿಗೂ ನಗು ಬಂತು, ಆದರೆ ತೋರಿಸಿಕೊಳ್ಳಲಿಲ್ಲ. ಒಳಗೆ ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದಳು. ಅಂದಿನಿಂದ ಆಚೆಬದಿಗೆ ಕಾಲಿಡುವುದನ್ನೇ ಬಿಟ್ಟಳು. ಊರಿನವರೆಲ್ಲ ಸೀರೆ ಎತ್ತಿ ಕಟ್ಟಿ, ಲುಂಗಿ ಮಡಚಿ, ಎರಡೂ ಕಡೆ ನೋಡಿಕೊಂಡು ಡಿವೈಡರು ಹತ್ತಿಳಿದು ದಾಟುತ್ತಿದ್ದರು. “ಆ ಕಟ್ಟೆ ಹಾರುಕೆ ನಾನೆಂತ ಮಂಗನಾ?” ಎಂದು ಅಮ್ಮ ಕೂತಳು. ದೊಡ್ಡಮ್ಮ ಮೊಬೈಲಿಗೆ ಫೋನು ಮಾಡಿದರೆ, ಮುಖ ಕಾಣದೆ ಎಂತ ಮಾತು ಎಂದು ನನ್ನ ಕೈಗೆ ಕೊಟ್ಟುಬಿಡುತ್ತಿದ್ದಳು. ಇಷ್ಟು ವರ್ಷ ದಿನಕ್ಕೆ ಹತ್ತು ಸಲ ಮಾತಾಡುತ್ತಿದ್ದವರು ತಿಂಗಳುಗಟ್ಟಲೆ ಮಾತಿಲ್ಲದೆ ಉಳಿದರು.

ಕೊನೆಗೆ ದೊಡ್ಡಮ್ಮನೇ ಬಂದರು. ಮಟಮಟ ಮಧ್ಯಾಹ್ನ, ಕೈಯಲ್ಲಿ ವೀಳ್ಯದೆಲೆಯ ಹರಿವಾಣ, ಕಾಲಿಗೆಲ್ಲ ಕೆಂಪು ಮಣ್ಣು. ನಮ್ಮ ಜಗಲಿಯಲ್ಲಿ ಕೂತು ಉಸಿರು ಬಿಟ್ಟು, “ಸಿಟ್ಟ್ ರಸ್ತಿ ಮೇಲಾ, ನಮ್ ಮೇಲಾ? ಅದೊಂದ್ ಹೇಳ್ಬಿಡಿ” ಎಂದು ಅಮ್ಮನನ್ನು ಕೇಳಿದರು.

ಅಮ್ಮ ಹರಿವಾಣದಿಂದ ಒಂದು ಎಲೆ ತೆಗೆದು ತೊಟ್ಟು ಮುರಿದಳು. ಆಮೇಲೆ, “ರಸ್ತಿ ಮೇಲೆ. ಮದ್ವಿ ಆಯ್ಲಿ. ಆರೆ ನಾನ್ ಆ ಬದಿಗ್ ಬಪ್ಪುದಿಲ್ಲೆ. ನಾನ್ ಹೆಣ್ಣನ್ನ ದೂರಕ್ ಕೊಟ್ಟೆ ಅಂದೇ ತಿಳ್ಕಂತೆ” ಎಂದಳು.

ಅಮ್ಮ ಹೇಳಿದರೆ ಹೇಳಿದ್ದೇ. ಅಪ್ಪಯ್ಯನಿಗೆ ಅದು ಗೊತ್ತಿತ್ತು, ನನಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಮದುವೆ ಉಳಿಯಿತು ಎಂದು ಸಂತೋಷವಾಯಿತು, ನಿಜ. ಆದರೆ ಇಷ್ಟು ಹತ್ತಿರ ಇದ್ದು ಅಮ್ಮ ನನ್ನ ಮನೆಗೆ ಬಾರದೆ ಹೋದರೆ ಶಿರೂರಿಗೆ ಹೋದ ಅಕ್ಕನೇ ಪುಣ್ಯವಂತೆ ಅನ್ನಿಸಿತು. ಅಕ್ಕನ ಮನೆಗೆ ಅಮ್ಮ ಬಸ್ಸು ಹತ್ತಿಯಾದರೂ ಹೋಗುತ್ತಿದ್ದಳಲ್ಲ. ಹಿಂದಿನ ಬಾಗಿಲಿಗೆ ಹೋಗಿ ಅತ್ತುಬಿಟ್ಟೆ.

ಮದುವೆ ನಮ್ಮ ಅಂಗಳದಲ್ಲೇ, ಉಳಿದರ್ಧ ಅಂಗಳದಲ್ಲಿ. ಚಪ್ಪರಕ್ಕೆ ಕಂಬ ಹುಗಿಯುವ ಹೊತ್ತಿಗೆ ಅಪ್ಪಯ್ಯನ ಅಕ್ಕ, ಅಂದರೆ ನನ್ನ ಸೋದರತ್ತೆ, ಬ್ರಹ್ಮಾವರದಿಂದ ಬಂದಿಳಿದರು. ಕ್ರಮ, ಕಟ್ಟಲೆ ಎಂದರೆ ನಮ್ಮ ಮನೆಯಲ್ಲಿ ಅವರದ್ದೇ ಕೊನೆಯ ಮಾತು. ಗಂಡಿನ ದಿಬ್ಬಣ ಯಾವ ದಾರಿಯಲ್ಲಿ ಬರುತ್ತದೆ ಎಂದು ಕೇಳಿದರು. ಬಸ್ಸಿನಲ್ಲಿ ಕುಂಭಾಶಿಯವರೆಗೆ ಹೋಗಿ ತಿರುಗಿ ಬರುತ್ತದೆ ಎಂದರು ಅಪ್ಪಯ್ಯ. ಸೋದರತ್ತೆ ಬ್ಯಾಗನ್ನು ಕೆಳಗಿಟ್ಟರು.

“ಎಂತ? ಹೊರಟ್ ದಿಬ್ಬಣ ತಿರ್ಗುದಾ? ದಿಬ್ಬಣ ಒಂದ್ ಸಲ ಹೊರಟ್ ಮೇಲೆ ಮುಟ್ಟುವರೆಗೆ ಹಿಂದ್ ತಿರ್ಗುಕಾಗ. ಮುಹೂರ್ತದ್ ದಿನವೇ ಅಪಶಕುನವಾ?”

ಹಾಗಾದರೆ ನಡೆದೇ ಬರಲಿ ಎಂದರೆ, ಪೇಟ ಸುತ್ತಿದ ಮದುಮಗ ವಾಲಗದವರ ಜೊತೆ ಡಿವೈಡರು ಹಾರುವುದೇ ಎಂದು ಅವರೇ ಬೈದರು. ತಿರುಗದೆ ನೇರ ಹೋದರೆ ದಿಬ್ಬಣ ಮಂಗಳೂರು ಮುಟ್ಟುತ್ತದೆ ಎಂದು ಯಾರೋ ಹೇಳಿ ಬೈಸಿಕೊಂಡರು. ಎರಡು ದಿನ ಇದೇ ಚರ್ಚೆ. ಅಮ್ಮ, ನಾನು ಹೇಳಿದ್ದೇ ಆಯಿತಲ್ಲ ಎಂಬ ಮುಖದಲ್ಲಿ ಅಕ್ಕಿ ಆರಿಸುತ್ತಿದ್ದಳು. ಆ ಮುಖ ನೋಡಿ ನನಗೆ ಇನ್ನಷ್ಟು ಸಿಟ್ಟು.

ಉಪಾಯ ಹೇಳಿದ್ದು ದೊಡ್ಡಮ್ಮ, ಫೋನಿನಲ್ಲಿ. ದಿಬ್ಬಣ ನಮ್ಮ ಮನೆಗೆ ಹೊರಡುವುದೇ ಬೇಡ. ಅವರ ಮನೆಯಿಂದ ಕುಂಭಾಶಿಯ ಆನೆಗುಡ್ಡೆ ಗಣಪತಿಗೆ ಹೊರಡಲಿ. ಅಲ್ಲಿ ಕಾಯಿ ಒಡೆದರೆ ಆ ಪ್ರಯಾಣ ಮುಗಿಯಿತು. ಆಮೇಲೆ ದೇವಸ್ಥಾನದಿಂದ ನಮ್ಮ ಮನೆಗೆ ಹೊಸ ದಿಬ್ಬಣ, ಒಂದೇ ದಿಕ್ಕು, ನೇರ ದಾರಿ. ಸಂಜೆ ಹೆಣ್ಣನ್ನು ಕರೆದೊಯ್ಯುವಾಗ ಕೋಟೇಶ್ವರದ ಈಶ್ವರನಿಗೆ ಒಂದು ಕಾಯಿ. ಎಲ್ಲಿ ತಿರುಗಬೇಕೋ ಅಲ್ಲಲ್ಲಿ ಒಬ್ಬೊಬ್ಬ ದೇವರಿದ್ದಾನೆ, ಮತ್ತೆಂತಕ್ಕೆ ಹೆದರುವುದು? ಸೋದರತ್ತೆ ಕಣ್ಣು ಮುಚ್ಚಿ ಯೋಚಿಸಿದರು. ತಪ್ಪು ಹುಡುಕಿದರು, ಸಿಗಲಿಲ್ಲ. “ಅಕ್ಕು” ಎಂದು ಒಪ್ಪಿದರು.

ಮದುವೆಯ ಬೆಳಿಗ್ಗೆ ಆಚೆಮನೆಯ ಎದುರು ಬಸ್ಸು ನಿಂತಿತು. ಆದದ್ದು ಏನೆಂದರೆ, ಅದಕ್ಕೆ ಯಾರೂ ಹತ್ತಲಿಲ್ಲ. ಎಲ್ಲರೂ ಹುಟ್ಟಿದಾರಭ್ಯ ನಮ್ಮ ಮನೆಗೆ ರಸ್ತೆ ದಾಟಿ ಬಂದವರೇ. ಎದುರಿಗೆ ತಾನೇ, ಬಸ್ಸು ಎಂತಕ್ಕೆ, ಬೇರೆಯವರು ಹತ್ತುತ್ತಾರೆ ಎಂದು ಒಬ್ಬೊಬ್ಬರೂ ಅಂದುಕೊಂಡು, ಮಕ್ಕಳನ್ನು ಎತ್ತಿಕೊಂಡು, ರೇಷ್ಮೆ ಸೀರೆ ಎತ್ತಿ ಹಿಡಿದು, ಡಿವೈಡರು ದಾಟಿ ಬಂದುಬಿಟ್ಟರು. ಬಂದವರು ಪಾನಕ ಕುಡಿದು ಚಪ್ಪರದ ಕೆಳಗೆ ಕೂತರು. ಆ ಕಡೆ ಬಸ್ಸಿನಲ್ಲಿ ಮದುಮಗ, ಅವನ ಅಪ್ಪ, ವಾಲಗದವರು ಮತ್ತು ಡ್ರೈವರು. ಆನೆಗುಡ್ಡೆಯಲ್ಲಿ ಭಟ್ಟರು, “ದಿಬ್ಬಣ ಹಿಂದಿನ ಬಸ್ಸಂಗೆ ಬತ್ತಿತ್ತಾ?” ಎಂದು ಕೇಳಿದರಂತೆ. ಮಾವ ಮರ್ಯಾದೆಗೆ ಹೌದು ಎಂದರಂತೆ.

ವಾಲಗದ ಸದ್ದು ಕೇಳಿ ನಮ್ಮವರು ಆರತಿ ಹಿಡಿದು ಅಂಗಳದ ಬಾಗಿಲು, ದಣಪೆಯ ಹತ್ತಿರ ನಿಂತರು. ಬಸ್ಸಿನಿಂದ ವಾಲಗದವರು ಇಳಿದರು, ಮದುಮಗ ಇಳಿದ, ಅವನ ಅಪ್ಪ ಇಳಿದರು, ಅಷ್ಟೇ. ಸೋದರತ್ತೆ ಬಸ್ಸಿನೊಳಗೆ ಬಗ್ಗಿ ನೋಡಿ, “ದಿಬ್ಬಣ ಎಲ್ಲಿ?” ಎಂದರು. ಅವರ ಹಿಂದೆಯೇ, ನಮ್ಮವರ ಜೊತೆ ಸೇರಿ ಮದುಮಗನನ್ನು ನೋಡಲು ಇಣುಕುತ್ತಿದ್ದ ಅರ್ಧ ಜನ, ಪಾನಕದ ಲೋಟ ಹಿಡಿದುಕೊಂಡೇ ಕೈ ಎತ್ತಿದರು. ಸೋದರತ್ತೆ ಅವರನ್ನೆಲ್ಲ ಕೋಳಿ ಅಟ್ಟಿದ ಹಾಗೆ ರಸ್ತೆಯಂಚಿಗೆ ಅಟ್ಟಿದರು. ಎರಡೂ ಮನೆಗೆ ಬೇಕಾದ ಒಬ್ಬರು ಮುದುಕರು ತಾವು ಯಾವ ಕಡೆಯವರೆಂದು ತಿಳಿಯದೆ ಒಮ್ಮೆ ಹೋಗಿ, ಒಮ್ಮೆ ಬಂದು, ಕೊನೆಗೆ ಊಟದ ಪಂಕ್ತಿ ಎಲ್ಲಿದೆಯೋ ಆ ಕಡೆ ಎಂದು ಅಡುಗೆಯ ಚಪ್ಪರಕ್ಕೆ ಹೋದರು. ಉಳಿದವರು ಗಂಭೀರವಾಗಿ ಮದುಮಗನ ಹಿಂದೆ ಸಾಲಾಗಿ ಎರಡನೆಯ ಸಲ ಬಂದರು, ಎರಡನೆಯ ಸಲ ಪಾನಕ ಕುಡಿದರು. ಮುಸುಕಿನೊಳಗೆ ನಾನು ನಕ್ಕ ನಗೆಗೆ ಬಾಸಿಂಗ ಓರೆಯಾಯಿತು.

ಧಾರೆ ಆಯಿತು, ಊಟ ಆಯಿತು. ಇಳಿಹೊತ್ತಿಗೆ ಹೆಣ್ಣು ಒಪ್ಪಿಸುವ ಶಾಸ್ತ್ರ. ನನ್ನನ್ನು ಒಳಗೆ ಕರೆದುಕೊಳ್ಳುವ ತಯಾರಿಗೆ ದೊಡ್ಡಮ್ಮ ಮೊದಲೇ ರಸ್ತೆ ದಾಟಿ ಮನೆಗೆ ಹೋಗಿದ್ದರು, ಹಾಗಾಗಿ ಅಮ್ಮ ನನ್ನ ಕೈಯನ್ನು ಅವರ ತಂಗಿಯ ಕೈಯಲ್ಲಿಟ್ಟಳು. ಅಪ್ಪಯ್ಯ ಮಕ್ಕಳ ಹಾಗೆ ಅತ್ತರು. ಅಮ್ಮ ಅಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ, ಕೈ ಬಿಟ್ಟು ಒಳಗೆ ಹೋದಳು. ಹೆತ್ತವಳು ಹೆಣ್ಣಿನ ದಿಬ್ಬಣದ ಜೊತೆ ಹೋಗುವುದು ನಮ್ಮ ಮನೆಯ ಕ್ರಮವಲ್ಲ. ಸೋದರತ್ತೆ ಅದನ್ನು ಬೆಳಿಗ್ಗೆಯೇ ಅಮ್ಮನಿಗೆ ನೆನಪಿಸಿದ್ದರು. ನೆನಪಿಸುವ ಅಗತ್ಯ ಇರಲಿಲ್ಲ, ಅವಳು ಬರುವವಳೇ ಅಲ್ಲವಲ್ಲ.

ಈ ಸಲ ಸೋದರತ್ತೆ ಒಬ್ಬೊಬ್ಬರನ್ನೂ ಕೈಹಿಡಿದು ಬಸ್ಸಿಗೆ ಹತ್ತಿಸಿದರು. ನಾನು ಕಿಟಕಿಯ ಪಕ್ಕ ಕೂತು ಅಳತೊಡಗಿದೆ. ಪಕ್ಕದಲ್ಲಿದ್ದ ಗಂಡ, ಅಂದಿನಿಂದ ಅವನು ಗಂಡನಲ್ಲವೇ, ಬಹಳ ಯೋಚಿಸಿ ಮೊದಲನೆಯ ಮಾತಾಡಿದ. “ಎಂತಕ್ ಮರ್ಕುದ್? ಕೋಟೇಶ್ವರಕ್ ಹೋಯಿ ಬಪ್ಪುದಲ್ದಾ?” ಎಂದ. ಇಷ್ಟೇನಾ ಇವನ ಬುದ್ಧಿ ಎಂದು ನನಗೆ ಇನ್ನೂ ಜೋರಾಗಿ ಅಳು ಬಂತು. ಕೋಟೇಶ್ವರದಲ್ಲಿ ಕಾಯಿ ಒಡೆದರು. ಬಸ್ಸು ತಿರುಗಿ ಆಚೆಯ ರಸ್ತೆಗೆ ಸೇರಿತು.

ಊರು ಹತ್ತಿರ ಬಂದಾಗ ನಾನು ಎದ್ದು ನಿಂತು ಬಲಗಡೆಯ ಕಿಟಕಿಯಿಂದ ನಮ್ಮ ಮನೆಯನ್ನು ನೋಡಿದೆ. ರಸ್ತೆ ಎತ್ತರವಾದ್ದರಿಂದ ಬಸ್ಸಿನಿಂದ ಎಲ್ಲ ಸರಿಯಾಗಿ ಕಾಣುತ್ತಿತ್ತು. ಚಪ್ಪರ, ಮಡಚಿಟ್ಟ ಕುರ್ಚಿಗಳು, ಕಂಬಕ್ಕೆ ಒರಗಿದ ಅಪ್ಪಯ್ಯ. ಜಗಲಿಯಲ್ಲಿ ಅಮ್ಮ ಇರಲಿಲ್ಲ. ನಾನು ಹಾದುಹೋಗುವುದನ್ನು ನಿಂತು ನೋಡುವುದೂ ಅವಳಿಂದ ಆಗಲಿಲ್ಲವಲ್ಲ ಎಂದುಕೊಂಡೆ. ಸಿಟ್ಟೂ ಬಂತು, ಪಾಪ ಎಂದೂ ಅನ್ನಿಸಿತು. ಬಸ್ಸು ನಿಂತಿತು. ಯಾರೋ ಕೈ ಹಿಡಿದು ಇಳಿಸಿದರು.

ಆಚೆಮನೆಯ ಬಾಗಿಲಲ್ಲಿ ದೊಡ್ಡಮ್ಮ ಆರತಿ ಹಿಡಿದು ನಿಂತಿದ್ದರು. ಅವರ ಪಕ್ಕದಲ್ಲಿ, ದೀಪಕ್ಕೆ ಗಾಳಿ ತಾಗದ ಹಾಗೆ ಕೈ ಅಡ್ಡ ಹಿಡಿದುಕೊಂಡು, ಅಮ್ಮ. ಮದುವೆಗೆಂದು ತೆಗೆದ ಸೀರೆಯ ಅಂಚು ಪೂರಾ ಕೆಂಪು ಮಣ್ಣಾಗಿತ್ತು.

ಸೋದರತ್ತೆ ಬಸ್ಸಿನ ಮೆಟ್ಟಿಲಲ್ಲೇ ನಿಂತುಬಿಟ್ಟರು. “ಎಂತ ಇದ್! ಹೆತ್ತವ್ಳ್ ದಿಬ್ಬಣದೊಟ್ಟಿಗ್ ಬಪ್ಪುಕಾಗ ಅಂದೇಳಿ ಹೇಳ್ಲಿಲ್ಯಾ ನಾನ್?”

“ನಾನ್ ದಿಬ್ಬಣದೊಟ್ಟಿಗ್ ಎಲ್ಲಿ ಬಂದೆ ಅತ್ಗಿ?” ಎಂದಳು ಅಮ್ಮ. “ನಾನ್ ನಡ್ಕಂಡ್ ಬಂದದ್. ನಿಮ್ ದಿಬ್ಬಣಕ್ಕಿಂತ ಮೊದ್ಲೇ ಬಂದ್ ಕೂತಿದೆ.”

ಬಸ್ಸಿನವರೆಲ್ಲ ಹೋ ಎಂದು ನಕ್ಕರು. ನಾನು ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡುತ್ತಾ ಹೊಸಿಲ ಮುಂದೆ ನಿಂತೆ. ಅಮ್ಮ ಸೆರಗಿನಿಂದ ನನ್ನ ಮೂಗು ಒರೆಸಿದಳು.

“ಎಷ್ಟ್ ಹೊತ್ತ್ ಹೆಣೆ! ಕಾದ್ ಕಾದ್ ಸಾಕಾಯ್ತ್. ಬಾ, ಬಲಗಾಲ್ ಇಟ್ಟ್ ಒಳ್ಗ್ ಬಾ” ಎಂದಳು.

ಅದು ಅತ್ತೆಯಾದವರು ಹೇಳಬೇಕಾದ ಮಾತು. ದೊಡ್ಡಮ್ಮ ಆರತಿ ಹಿಡಿದುಕೊಂಡು ಒಂದು ಹೆಜ್ಜೆ ಹಿಂದೆ ಸರಿದು ಅಮ್ಮನಿಗೆ ಜಾಗ ಬಿಟ್ಟರು.